ಕಾಡಿನ ಅಸಲು, ಕಾಡಿನ ಬಡ್ಡಿ

ಬ್ಯಾಂಕಿನಲ್ಲಿ ಹಣವಿಟ್ಟವನು ಬಡ್ಡಿಯನ್ನಷ್ಟೇ ಖರ್ಚು ಮಾಡುತ್ತಿದ್ದರೆ ಅಸಲು ಕರಗುವುದಿಲ್ಲ. ಅಸಲಿಗೇ ಕೈಹಾಕಿದರೆ ಒಂದು ದಿನ ಖಾತೆ ಬರಿದಾಗುತ್ತದೆ. ಇದು ನಾವೆಲ್ಲರೂ ಬಲ್ಲ ಸಂಗತಿ. ಕಾಡು, ಹುಲ್ಲುಗಾವಲು, ಮೀನಿರುವ ಕೆರೆ ಮೊದಲಾದುವುಗಳ ವಿಷಯವೂ ಹೀಗೆಯೇ. ಆದರೆ ಒಂದು ವ್ಯತ್ಯಾಸವುಂಟು. ಬ್ಯಾಂಕಿನವರು ಲೆಕ್ಕದ ಪುಸ್ತಕವನ್ನು ಕೊಡುತ್ತಾರೆ, ಕಾಡು ಕೊಡುವುದಿಲ್ಲ. ಅದರ ಅಸಲೆಷ್ಟು, ಬಡ್ಡಿಯೆಷ್ಟು ಎಂಬುದನ್ನು ನಾವೇ ಕಂಡುಹಿಡಿಯಬೇಕು. ಪ್ರಾಕೃತಿಕ ಸಂಪತ್ತಿನ ನಿರ್ವಹಣೆ ಮತ್ತು ಸಂರಕ್ಷಣೆ ಎಂಬ ಹೆಸರಿನಿಂದ ಕಾಲೇಜುಗಳಲ್ಲಿ ಕಲಿಸುವ ವಿದ್ಯೆಯ ತಿರುಳು ಇದೇ. ಅದರ ಹಳೆಯ ಶಾಖೆಗಳಲ್ಲಿ ಒಂದಾದ ಅರಣ್ಯಶಾಸ್ತ್ರವನ್ನು ಇಲ್ಲಿ ನೋಡೋಣ.

ಈ ಶಾಸ್ತ್ರವು ಹುಟ್ಟಿದ್ದು ಕೊರತೆಯಿಂದ. ಜರ್ಮನಿಯ ಸ್ಯಾಕ್ಸನಿಯಲ್ಲಿ ಬೆಳ್ಳಿಯ ಅದಿರನ್ನು ಕರಗಿಸಲು ಅಪಾರವಾಗಿ ಸೌದೆ ಬೇಕಾಗಿತ್ತು. ಸುತ್ತಲಿನ ಕಾಡು ಬರಿದಾಗತೊಡಗಿದಾಗ, ಗಣಿಗಳ ಅಧಿಕಾರಿ ಹಾನ್ಸ್ ಕಾರ್ಲ್ ಫಾನ್ ಕಾರ್ಲೊವಿಟ್ಸ್ 1713ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿ, ಕಾಡು ಮತ್ತೆ ಬೆಳೆಯುವಷ್ಟನ್ನೇ ಕಡಿಯಬೇಕೆಂದು ವಾದಿಸಿದನು. ಜರ್ಮನಿಯವನೇ ಆದ ಡೀಟ್ರಿಕ್ ಬ್ರ್ಯಾಂಡಿಸ್ 1864ರಲ್ಲಿ ಭಾರತದ ಮೊದಲನೆಯ ಅರಣ್ಯ ಮಹಾನಿರೀಕ್ಷಕನಾದನು. 1878ರಲ್ಲಿ ಡೆಹರಾಡೂನಿನಲ್ಲಿ ಅರಣ್ಯ ಶಾಲೆ ಆರಂಭವಾಯಿತು. ಇಂದು ಕರ್ನಾಟಕದಲ್ಲಿಯೇ ಶಿರಸಿ ಮತ್ತು ಪೊನ್ನಂಪೇಟೆಗಳಲ್ಲಿ ಅರಣ್ಯ ಮಹಾವಿದ್ಯಾಲಯಗಳಿವೆ. ಪದವಿಯ ಅವಧಿ ನಾಲ್ಕು ವರ್ಷ. ಅಲ್ಲಿನ ವಿದ್ಯಾರ್ಥಿಗಳು ಮಣ್ಣು, ನೀರು, ಸಸ್ಯ, ವನ್ಯಪ್ರಾಣಿಗಳ ಜೊತೆಗೆ ಸಂಖ್ಯಾಶಾಸ್ತ್ರವನ್ನೂ ಅರ್ಥಶಾಸ್ತ್ರವನ್ನೂ ಓದುತ್ತಾರೆ.

ಕಾಡನ್ನು ಕಾಯುವವರಿಗೆ ಸಂಖ್ಯಾಶಾಸ್ತ್ರವೇಕೆ? ಕಾಡು ಕ್ಷೀಣಿಸುತ್ತಿದ್ದರೆ ಕಣ್ಣಿಗೇ ಕಾಣುವುದಿಲ್ಲವೆ? ಒಂದು ಲೆಕ್ಕವನ್ನು ಮಾಡಿ ನೋಡೋಣ. ಒಂದು ತೋಪಿನಲ್ಲಿ 10,000 ಘನಮೀಟರಿನಷ್ಟು ಮರವಿದ್ದು, ಅದು ವರ್ಷಕ್ಕೆ ನೂರಕ್ಕೆ 3ರಂತೆ ಬೆಳೆಯುತ್ತದೆಂದು ಭಾವಿಸೋಣ. ಮೊದಲನೆಯ ವರ್ಷದ ಬಡ್ಡಿ 300 ಘನಮೀಟರ್. ನಾವು ಪ್ರತಿ ವರ್ಷವೂ 400 ಘನಮೀಟರ್ ಕಡಿಯುತ್ತೇವೆಂದು ಇಟ್ಟುಕೊಳ್ಳೋಣ. ವರ್ಷದ ಕೊನೆಗೆ 9,900 ಉಳಿಯುತ್ತದೆ. ಇಷ್ಟು ಸಣ್ಣ ನಷ್ಟವನ್ನು ಯಾವ ಕಣ್ಣು ತಾನೆ ಗುರುತಿಸೀತು? 10 ವರ್ಷಗಳ ಮೇಲೂ ಸುಮಾರು 8,850 ಇರುತ್ತದೆ. 30 ವರ್ಷಗಳಾದಾಗಲೂ ಅರ್ಧಕ್ಕಿಂತ ಹೆಚ್ಚಾಗಿಯೇ ಉಳಿದಿರುತ್ತದೆ. ಆದರೆ ಅಸಲು ಕುಗ್ಗಿದಂತೆ ಬಡ್ಡಿಯೂ ಕುಗ್ಗುತ್ತದೆ; ಕಡಿಯುವುದು ಮಾತ್ರ ಕುಗ್ಗುವುದಿಲ್ಲ. ಆದುದರಿಂದ ಉಳಿದುದೆಲ್ಲವೂ ಮುಂದಿನ 17 ವರ್ಷಗಳೊಳಗೆ ಮುಗಿದುಹೋಗುತ್ತದೆ! ಕಣ್ಣಿಗೆ ಕಾಣುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಅಳತೆಯ ಅವಶ್ಯಕತೆ ಇರುವುದು ಇಲ್ಲಿಯೇ.

ಹಾಗಾದರೆ ಲೆಕ್ಕವೊಂದು ಬಂದರೆ ಸಾಕೆ? ಸಾಲದು ಎಂಬುದನ್ನು ಉತ್ತರ ಕನ್ನಡ ಜಿಲ್ಲೆಯ ಬಿದಿರು ಕಲಿಸಿಕೊಟ್ಟಿದೆ.

ಬಿದಿರು ಮರದಂತೆ ವರ್ಷವರ್ಷವೂ ದಪ್ಪವಾಗುವುದಿಲ್ಲ. ಮಳೆಗಾಲದಲ್ಲಿ ನೆಲವನ್ನು ಸೀಳಿಕೊಂಡು ಏಳುವ ಕಳಲೆಯು ಕೆಲವೇ ತಿಂಗಳುಗಳಲ್ಲಿ ತನ್ನ ಪೂರ್ಣ ಎತ್ತರವನ್ನು ಮುಟ್ಟುತ್ತದೆ. ಎಂದಮೇಲೆ, ಈ ವರ್ಷ ಎಷ್ಟು ಕಳಲೆಗಳು ಬದುಕಿ ಬೊಂಬುಗಳಾದುವು ಎಂಬುದೇ ಬಿದಿರಿನ ಬಡ್ಡಿ. ದಾಂಡೇಲಿಯ ಕಾಗದದ ಕಾರ್ಖಾನೆಗೆ ಈ ಜಿಲ್ಲೆಯ ಕಾಡುಗಳಿಂದ ಬಿದಿರು ಹೋಗುತ್ತಿತ್ತು. ಬಿದಿರು ಕಡಿಮೆಯಾಗತೊಡಗಿದಾಗ, 1970ರ ದಶಕದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರೂ ಅವರ ಸಹೋದ್ಯೋಗಿ ನರೇಂದ್ರ ಪ್ರಸಾದರೂ ಕಾರಣವನ್ನು ಹುಡುಕಹೊರಟರು.

ಬಿದಿರು ಮೆಳೆಯ ಬುಡವನ್ನು ಮುಳ್ಳುಗಳು ಹೆಣೆದುಕೊಂಡಿರುತ್ತವೆ. ಅವನ್ನು ಸವರಿ ತೆಗೆದರೆ ಬೊಂಬು ಕಡಿಯುವುದು ಸುಲಭ. ಇಕ್ಕಟ್ಟು ಕಳೆದು ಮೆಳೆಯೂ ಚೆನ್ನಾಗಿ ಬೆಳೆಯುವುದೆಂದು ಅರಣ್ಯಾಧಿಕಾರಿಗಳು ತಿಳಿದಿದ್ದರು. ಹಳ್ಳಿಗರ ಅಭಿಪ್ರಾಯವು ಇದಕ್ಕೆ ವಿರುದ್ಧವಾಗಿತ್ತು. ಮುಳ್ಳು ತೆಗೆದರೆ ಎಳೆಯ ಕಳಲೆಗೆ ರಕ್ಷಣೆಯೇ ಇಲ್ಲದಂತಾಗಿ ಅದು ದನಕರುಗಳ, ಕಾಡುಪ್ರಾಣಿಗಳ ಬಾಯಿಗೆ ಬೀಳುತ್ತದೆಂದು ಅವರು ಹೇಳಿದರು. ಸಂಶೋಧಕರು ಮೆಳೆಗಳನ್ನು ವರ್ಷಗಟ್ಟಲೆ ಗಮನಿಸಿ ಕಳಲೆಗಳನ್ನು ಎಣಿಸಿದರು. ಹಳ್ಳಿಗರ ಮಾತೇ ನಿಜವಾಯಿತು. ಯಾವ ಮುಳ್ಳು ಕೊಯ್ಲಿಗೆ ಅಡ್ಡಿಯೆಂದು ತೋರಿತ್ತೋ ಅದೇ ಮುಳ್ಳು ಮುಂದಿನ ವರ್ಷದ ಬೆಳೆಗೆ ಬೇಲಿಯಾಗಿತ್ತು!

ಇದರಿಂದ ನಾವು ತಿಳಿಯಬೇಕಾದುದು ಎರಡು ಸಂಗತಿಗಳು. ಎಷ್ಟನ್ನು ತೆಗೆಯಬಹುದು ಎಂಬುದರಷ್ಟೇ ಹೇಗೆ ತೆಗೆಯಬೇಕೆಂಬುದೂ ಮುಖ್ಯ. ಎರಡನೆಯದಾಗಿ, ಕಾಡಿನ ಅಂಚಿನಲ್ಲಿ ಬಾಳುವವರ ತಿಳಿವಳಿಕೆಯನ್ನು ತಳ್ಳಿಹಾಕುವುದು ವಿಜ್ಞಾನವಲ್ಲ; ಕುರುಡಾಗಿ ಒಪ್ಪುವುದೂ ವಿಜ್ಞಾನವಲ್ಲ. ಅದನ್ನು ಕೇಳಿ, ಎಣಿಸಿ, ಪರೀಕ್ಷಿಸಿ ನೋಡುವುದೇ ವಿಜ್ಞಾನ. ಅರಣ್ಯಶಾಸ್ತ್ರವನ್ನು ಕಲಿಯಬಯಸುವವರಿಗೆ ಗಣಿತದಲ್ಲಿ ಇರಬೇಕಾದಷ್ಟೇ ಆಸಕ್ತಿಯು ಜನರೊಡನೆ ಬೆರೆಯುವುದರಲ್ಲಿಯೂ ಇರಬೇಕೆನ್ನುವುದು ಇದಕ್ಕಾಗಿಯೇ.

ಈ ವಿದ್ಯೆಯ ಮೊದಲನೆಯ ಪಾಠವನ್ನು ನಮ್ಮ ಓದುಗರು ಕಾಲೇಜು ಸೇರುವ ಮುನ್ನವೇ ಕಲಿಯಬಹುದು. ನಿಮ್ಮ ಶಾಲೆಯ ಆವರಣದಲ್ಲಿರುವ ಬೇವನ್ನೋ ಹೊಂಗೆಯನ್ನೋ ಆರಿಸಿಕೊಳ್ಳಿರಿ. ನೆಲದಿಂದ 1.37 ಮೀಟರ್ ಎತ್ತರದಲ್ಲಿ ಕಾಂಡದ ಮೇಲೆ ಸುಣ್ಣದಿಂದ ಒಂದು ಗೆರೆಯನ್ನೆಳೆಯಿರಿ. ನಮ್ಮ ದೇಶದಲ್ಲಿ ಮರದ ಸುತ್ತಳತೆಯನ್ನು ತೆಗೆಯುವುದು ಈ ಎದೆಯ ಮಟ್ಟದಲ್ಲಿಯೇ. ಅಲ್ಲಿ ಟೇಪನ್ನು ಸುತ್ತಿ, ಬಂದ ಅಳತೆಯನ್ನು ದಿನಾಂಕದೊಡನೆ ಬರೆದಿಡಿರಿ. ಮುಂದಿನ ವರ್ಷ ಅದೇ ದಿನ ಮತ್ತೆ ಅಳೆಯಿರಿ. ಎರಡು ಅಳತೆಗಳ ನಡುವಣ ವ್ಯತ್ಯಾಸವೇ ಆ ಮರ ಆ ವರ್ಷ ಗಳಿಸಿದ ಬಡ್ಡಿ.