ಹೆಜ್ಜಾರ್ಲೆ ಕಾಗೆಯಾದ ಕತೆ

ಫಿಲ್ಮ್ ರೋಲಿನ ಕಾಲದ ಮಾತು. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋಗಿ, ಹುಣಿಸೆಮರಗಳ ಮೇಲೆ ಹಾರುತ್ತಿದ್ದ ಹೆಜ್ಜಾರ್ಲೆಗಳ 36 ಚಿತ್ರ ತೆಗೆದು ಬಂದಿದ್ದೆ. ಪ್ರಿಂಟು ಕೈಗಿಡುತ್ತ ಸ್ಟುಡಿಯೋದವರು ಕೇಳಿದರು: ‘ಇಷ್ಟೊಂದು ಕಾಗೆ ಯಾಕೆ ಸಾರ್ ತೆಗೆದ್ರಿ?’

ತಪ್ಪು ನನ್ನದೇ. ಕ್ಯಾಮೆರಾದ ಲೈಟ್ ಮೀಟರಿಗೆ ಹಕ್ಕಿ ಯಾವುದು, ಆಕಾಶ ಯಾವುದು ಎಂಬುದು ತಿಳಿಯದು. ಬೆಳ್ಳನೆಯ ಆಕಾಶ ಕಂಡೊಡನೆ ಬೆಳಕು ಹೆಚ್ಚಾಯಿತೆಂದು ತಗ್ಗಿಸುತ್ತದೆ, ಹಕ್ಕಿ ಮಸಿಯಾಗುತ್ತದೆ. ಬೆಳ್ಳಕ್ಕಿ ಕಡುಹಸಿರು ಮರದ ಮುಂದೆ ಹಾದುಹೋದರೆ ಇದರ ತಿರುವುಮುರುವು. ಗರಿಯ ಗೆರೆಯೊಂದೂ ಉಳಿಯದೆ ಸುಣ್ಣ ಬಳಿದಂತೆ ಕಾಣುತ್ತದೆ. ಇಂದಿನ ಡಿಜಿಟಲ್ ಕ್ಯಾಮೆರಾಗಳೂ ಹಲವು ಸಲ ಹೀಗೆಯೇ ಮೋಸಹೋಗುತ್ತವೆ. ಮೋಡದ ಬಿಳಿ ಆಕಾಶಕ್ಕೆ ಒಂದು ಸ್ಟಾಪ್ ಹೆಚ್ಚು, ಕಪ್ಪು ಹಿನ್ನೆಲೆಯ ಬಿಳಿ ಹಕ್ಕಿಗೆ ಒಂದು ಸ್ಟಾಪ್ ಕಡಿಮೆ ಎಂಬುದು ಸ್ಥೂಲ ಲೆಕ್ಕ.

ಆದರೆ ಹಾರುವ ಹಕ್ಕಿ ಕ್ಷಣಾರ್ಧದಲ್ಲಿ ಮರ ದಾಟಿ ಆಕಾಶಕ್ಕೆ ಬರುತ್ತದೆ. ಹಿನ್ನೆಲೆ ಬದಲಾಯಿತೇ ಹೊರತು ಅದರ ಮೇಲೆ ಬೀಳುವ ಬಿಸಿಲು ಬದಲಾಗಲಿಲ್ಲ. ಆದ್ದರಿಂದ ‘ಮ್ಯಾನ್ಯುಯಲ್’ಗೆ ಹಾಕಿ, ಅದೇ ಬಿಸಿಲಿನಲ್ಲಿರುವ ಹಸಿರು ಹುಲ್ಲಿನ ಮೇಲೆ ಬೆಳಕು ಅಳೆದು ಅಲ್ಲಿಗೇ ಬಿಟ್ಟುಬಿಡಿ. ನಿಚ್ಚಳ ಬಿಸಿಲಿದ್ದರೆ ಐಎಸ್‌ಒ 400, ಎಫ್/8, ಸೆಕೆಂಡಿನ 1600ನೇ ಒಂದು ಭಾಗ. ರೆಕ್ಕೆಯ ಬಡಿತವೂ ನಿಲ್ಲುವಷ್ಟು ವೇಗವಿದು. ಅಪ್ಪಟ ಬಿಳಿ ಹಕ್ಕಿಯಾದರೆ ಇನ್ನೂ ತುಸು ತಗ್ಗಿಸಿ. ಬಿಸಿಲು ಬದಲಾದಾಗ ಮತ್ತೆ ಅಳೆಯಲು ಮರೆಯಬೇಡಿ.

ಚೌಕಟ್ಟಿನ ವಿಷಯದಲ್ಲಿ ಜಿಪುಣತನ ಬೇಡ. ಹೆಜ್ಜಾರ್ಲೆ ರೆಕ್ಕೆ ಬಿಚ್ಚಿದರೆ ಎರಡು ಮೀಟರಿಗೂ ಹೆಚ್ಚು. ಝೂಮ್ ತುಸು ಸಡಿಲವಿದ್ದರೆ ರೆಕ್ಕೆಯ ತುದಿ ಕತ್ತರಿಸಿಹೋಗದು. ಕೊಕ್ಕಿನ ಮುಂದೆ ಹಾರಲು ಜಾಗವಿರಲಿ, ಫೋಕಸ್ ಕಣ್ಣಿನ ಮೇಲಿರಲಿ. ದೂರದಲ್ಲೇ ಒಂದು ಹಕ್ಕಿಯನ್ನು ಗುರುತಿಸಿ, ಅದರೊಡನೆ ಕ್ಯಾಮೆರಾ ತಿರುಗಿಸುತ್ತ ಬನ್ನಿ. ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಇಳಿಯುತ್ತವೆ. ಗಾಳಿ, ಸೂರ್ಯ ಎರಡೂ ನಿಮ್ಮ ಬೆನ್ನಿಗಿದ್ದರೆ ಅವು ನಿಮ್ಮತ್ತಲೇ ಬರುತ್ತವೆ, ಮುಖದ ಮೇಲೂ ಬೆಳಕಿರುತ್ತದೆ.

ಇಷ್ಟಾದರೂ ಹಕ್ಕಿ ಹಾರದಿದ್ದರೆ? ಅಂದು ನಾನು ಚಪ್ಪಾಳೆ ತಟ್ಟಿದೆ. ಜಗಲಿಯ ಮೇಲಿದ್ದ ಅಜ್ಜಿ ಗದರಿದರು: ‘ಯಾಕ್ ಸಾಮಿ ಎಬ್ಬುಸ್ತೀರಿ? ಮರಿ ಬಿಸ್ಲಲ್ಲಿ ಬೇಯ್ತವೆ. ಸುಮ್ಕೆ ನಿಂತ್ಕಳಿ, ಮೀನು ತರಕ್ಕೆ ಹೋಗಿರೋದು ತಾನೇ ಬತ್ತದೆ.’

ಬಂತು. 2007ರಲ್ಲಿ ಕೊಕ್ಕರೆಬೆಳ್ಳೂರು ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಯಿತು. ಅದಕ್ಕೂ ಬಹಳ ಮೊದಲೇ ಆ ಊರಿನವರಿಗೆ ಗೊತ್ತಿದ್ದ ಕಾಯುವ ವಿದ್ಯೆಯನ್ನು ನಾನು ಕಲಿತದ್ದು ಅಂದು.