ಗೋಡೆಯೊಳಗೆ ಹೋದ ಸ್ವಿಚ್ ಬೋರ್ಡು

1979ರಲ್ಲಿ ಶುರುವಾದ ಭಾಗ್ಯಜ್ಯೋತಿ ಯೋಜನೆ ಬಡವರ ಮನೆಗೆ ಕೊಟ್ಟದ್ದು ಒಂದೇ ಒಂದು ಬಲ್ಬು. ಶಿವನಸಮುದ್ರದ ಕರೆಂಟು 1902ರಲ್ಲೇ ಕೋಲಾರದ ಗಣಿಗೂ 1905ರಲ್ಲಿ ಬೆಂಗಳೂರಿನ ಬೀದಿಗೂ ಹರಿದಿತ್ತು. ಆ ಬೆಳಕು ಹಳ್ಳಿಯ ಬಡವರ ಗೋಡೆ ಮುಟ್ಟಲು ಮುಕ್ಕಾಲು ಶತಮಾನವೇ ಬೇಕಾಯಿತು.

ಸೂಳೆಕೆರೆ ಬಗಲಿನ ಕೆರೆಬಿಳಚಿಯಂಥ ಊರುಗಳಲ್ಲಿ ಆಗ ಗೋಡೆ ಕೊರೆಯುವ ಮಾತೇ ಇರಲಿಲ್ಲ. ವೈರ್‌ಮನ್ ಗೋಡೆಗೆ ಮರದ ಗೂಟ ಬಡಿದು, ಅದರ ಮೇಲೆ ಪಟ್ಟಿ ಕೂರಿಸಿ, ತಗಡಿನ ಕ್ಲಿಪ್ಪಿನಲ್ಲಿ ವೈರು ಹಿಡಿಸುತ್ತಿದ್ದ. ಕೊನೆಗೊಂದು ಮರದ ಬೋರ್ಡು. ಎಲ್ಲವೂ ಕಣ್ಣಿಗೆ ಕಾಣುತ್ತಿತ್ತು. ವೈರು ಸುಟ್ಟರೆ ಎಲ್ಲಿ ಸುಟ್ಟಿತೆಂದು ಮನೆಯವರೇ ಬೆರಳು ಮಾಡಿ ತೋರಿಸಬಹುದಿತ್ತು. ಆ ಅನುಕೂಲ ಕಳೆದುಹೋಯಿತಲ್ಲ ಎಂಬ ಸಂಕಟ ನನಗೆ ಈಗಲೂ ಇದೆ.

ಅಡಿಕೆ ದುಡ್ಡಿನ ಜೊತೆ ತಾರಸಿ ಮನೆ ಬಂತು, ವೈರಿನ ಪೈಪು ಗೋಡೆಯೊಳಗೆ ಹೋಯಿತು, ಬೋರ್ಡಿನ ಜಾಗಕ್ಕೆ ಪೆಟ್ಟಿಗೆ ಬಂತು. ಗಾರೆ ಮೇಸ್ತ್ರಿಗೂ ವೈರ್‌ಮನ್‌ಗೂ ಜಗಳ ಹತ್ತಿದ್ದು ಇಲ್ಲೇ. ಕಟ್ಟಿದ ಗೋಡೆ ಒಡೆಯುತ್ತಾನೆಂದು ಮೇಸ್ತ್ರಿಯ ಸಿಟ್ಟು, ಪೆಟ್ಟಿಗೆ ತುಂಬ ಗಾರೆ ಮೆತ್ತುತ್ತಾನೆಂದು ವೈರ್‌ಮನ್‌ನ ಸಿಟ್ಟು. ನನ್ನ ಮಟ್ಟಿಗೆ ಇಬ್ಬರ ದೂರೂ ನ್ಯಾಯವಾದದ್ದೇ. ಇಟ್ಟಿಗೆ ಗೋಡೆಗೆ ಭಾರತೀಯ ಮಾನಕ ಹಾಕಿದ ಗೆರೆ ಸ್ಪಷ್ಟವಿದೆ: ಉದ್ದಕ್ಕೆ ಇಳಿಯುವ ಕೊರೆತ ಗೋಡೆ ದಪ್ಪದ ಮೂರನೇ ಒಂದು ಪಾಲು ದಾಟಬಾರದು, ಅಡ್ಡ ಕೊರೆತ ಆರನೇ ಒಂದು ಪಾಲು. ಒಂಬತ್ತಿಂಚಿನ ಗೋಡೆಗೆ ಉದ್ದಕ್ಕೆ ಮೂರು ಇಂಚು, ಅಡ್ಡಕ್ಕೆ ಒಂದೂವರೆ. ನಾಲ್ಕಿಂಚಿನ ಅಡ್ಡಗೋಡೆಯಲ್ಲಿ ಎರಡಿಂಚು ಆಳದ ಪೆಟ್ಟಿಗೆ ಕೂರಿಸಿದರೆ ಅರ್ಧ ಗೋಡೆಯೇ ಹೋಯಿತು. ಆಚೆ ಕೋಣೆಯವರೂ ಅದೇ ಜಾಗಕ್ಕೆ ಬೆನ್ನಿಗೆ ಬೆನ್ನು ಇನ್ನೊಂದು ಕೂರಿಸಿದರೆ ನಡುವೆ ಉಳಿಯುವುದೇನು?

ಪೆಟ್ಟಿಗೆಯ ಅಂಚು ಗಿಲಾವಿನ ಮಟ್ಟಕ್ಕೆ ಬರಬೇಕು. ಒಳಗೆ ಹೂತುಹೋದರೆ ಉದ್ದದ ಸ್ಕ್ರೂ ಹಾಕುತ್ತಾರೆ, ಅದರ ಮೊನೆ ಒಳಗಿನ ವೈರಿನ ಹೊದಿಕೆ ಸೀಳಬಹುದು. ಪೈಪು ಒಳನುಗ್ಗುವ ತೂತಿನ ತಗಡಂಚೂ ಅಷ್ಟೇ ಹರಿತ, ಅಲ್ಲಿ ಬುಷ್ ಬೇಕು. ತಗಡಿನ ಪೆಟ್ಟಿಗೆಗೆ ಹಸಿರು ಅರ್ಥ್ ವೈರು ಬಿಗಿಯದೆ ಮುಚ್ಚಿದರೆ, ತಪ್ಪಿ ತಗುಲಿದ ಕರೆಂಟು ಪೆಟ್ಟಿಗೆಯಲ್ಲೇ ಕಾದು ಕೂರುತ್ತದೆ, ಮುಟ್ಟಿದವರಿಗೆ ಹೊಡೆಯುತ್ತದೆ. ಗಿಲಾವಿಗೆ ಮುಂಚೆ ಪೆಟ್ಟಿಗೆಗೆ ಕಾಗದ ತುರುಕಿಟ್ಟರೆ ಗಾರೆ ಒಳಸೇರದು. ಹಳೇ ಮನೆಯಲ್ಲಾದರೆ ಮೇನ್ ಸ್ವಿಚ್ ಇಳಿಸಿ, ಟೆಸ್ಟರ್ ಹಿಡಿದು ನೋಡಿದ ಮೇಲಷ್ಟೇ ಉಳಿಗೆ ಕೈ ಹಾಕಬೇಕು.

ಗೋಡೆಗೆ ಸೀಮೆಸುಣ್ಣದ ಗುರುತು ಹಾಕುವ ದಿನ ಮೇಸ್ತ್ರಿ, ವೈರ್‌ಮನ್ ಇಬ್ಬರನ್ನೂ ಮನೆಯವರು ಒಟ್ಟಿಗೆ ನಿಲ್ಲಿಸಿಕೊಳ್ಳಲಿ. ಜಗಳ ಆಗುವುದಾದರೆ ಅವತ್ತೇ, ಗಿಲಾವು ಬೀಳುವ ಮುಂಚೆಯೇ ಆಗಿಹೋಗಲಿ.