ನಾಣ್ಯದ ಮುಖಕಾಂತಿ

ನಾವು ಚಿಕ್ಕವರಾಗಿದ್ದಾಗ ಮನೆಯ ದೇವರ ಪೆಟ್ಟಿಗೆಯಲ್ಲಿ ಒಂದು ಬೆಳ್ಳಿಯ ನಾಣ್ಯವಿದ್ದಿತು. ಗಾಂಧೀಜಿಯವರ ಜನ್ಮಶತಾಬ್ದಿಯ ನೆನಪಿಗಾಗಿ 1969ರಲ್ಲಿ ಹೊರಟ 10 ರೂಪಾಯಿಯ ನಾಣ್ಯವದು. ತೂಕ 15 ಗ್ರಾಂ. ಅದರಲ್ಲಿ ನೂರಕ್ಕೆ 80 ಪಾಲು ಬೆಳ್ಳಿ. ಹಬ್ಬದ ಮುನ್ನಾದಿನ ಬೆಳ್ಳಿಯ ದೀಪಗಳನ್ನು ವಿಭೂತಿಯಿಂದ ಬೆಳಗುತ್ತಿದ್ದಾಗ, ಕಪ್ಪಿಟ್ಟಿದ್ದ ಆ ನಾಣ್ಯವನ್ನೂ ತಿಕ್ಕಿಬಿಟ್ಟೆವು. ಅದು ಥಳಥಳಿಸಿತು, ಹಿರಿಯರೂ ಮೆಚ್ಚಿದರು. ಎಷ್ಟೋ ವರ್ಷಗಳ ಮೇಲೆ ಅದನ್ನು ನಾಣ್ಯಸಂಗ್ರಾಹಕರೊಬ್ಬರಿಗೆ ತೋರಿಸಿದಾಗ, ಅವರು ದೀಪದ ಕೆಳಗೆ ಒಮ್ಮೆ ಓರೆಯಾಗಿ ತಿರುಗಿಸಿ ನೋಡಿ, ಮಾತಿಲ್ಲದೆ ಹಿಂದಕ್ಕೆ ಕೊಟ್ಟರು. ಆ ಮೌನದ ಅರ್ಥವಾಗಬೇಕಾದರೆ ನಾಣ್ಯವು ಹೇಗೆ ಹುಟ್ಟುತ್ತದೆಂಬುದನ್ನು ತಿಳಿಯಬೇಕು.

ಮೈಸೂರು ಜಿಲ್ಲೆಯ ಟಿ. ನರಸೀಪುರ ತಾಲ್ಲೂಕಿನಲ್ಲಿ ತಲಕಾಡು ಇದೆಯಷ್ಟೆ. 12ನೆಯ ಶತಮಾನದ ಆರಂಭದಲ್ಲಿ ಅದನ್ನು ಚೋಳರಿಂದ ಗೆದ್ದುಕೊಂಡ ಹೊಯ್ಸಳ ವಿಷ್ಣುವರ್ಧನನು ತನ್ನ ಚಿನ್ನದ ನಾಣ್ಯಗಳ ಮೇಲೆ ‘ಶ್ರೀ ತಳಕಾಡುಗೊಂಡ’ ಎಂದು ಕನ್ನಡದಲ್ಲಿಯೇ ಅಚ್ಚು ಹಾಕಿಸಿದನು. ಸುತ್ತಿಗೆಯ ಕಾಲವದು. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ಲೋಹದ ಬಿಲ್ಲೆ, ಮೇಲಿನಿಂದ ಪೆಟ್ಟು. ಪೆಟ್ಟು ಕೊಂಚ ವಾಲಿದರೂ ಅಕ್ಷರ ಅಂಚಿನಾಚೆಗೆ ಜಾರಿಹೋಗುತ್ತಿದ್ದಿತು.

ಪಕ್ಕದ ನಂಜನಗೂಡು ತಾಲ್ಲೂಕಿನ ತಾಂಡ್ಯದಲ್ಲಿ ಇಂದು ಕೈಗಾರಿಕಾ ಪ್ರದೇಶವಿದೆ. ಯಾವುದಾದರೂ ಕಾರ್ಖಾನೆಯಲ್ಲಿ ಪ್ರೆಸ್ ಯಂತ್ರವು ಲೋಹವನ್ನು ಅದುಮಿ ಆಕಾರ ಕೊಡುವುದನ್ನು ಕಂಡ ವಿದ್ಯಾರ್ಥಿಗೆ ಇಂದಿನ ಟಂಕಸಾಲೆಯ ಕೆಲಸ ತೀರ ಅಪರಿಚಿತವೆನಿಸದು. ತಗಡಿನಿಂದ ಬಿಲ್ಲೆಗಳನ್ನು ಕತ್ತರಿಸಿ, ಕಾಯಿಸಿ ಮೆದುವಾಗಿಸಿ, ತೊಳೆದು, ಉಕ್ಕಿನ ಬಳೆಯೊಂದರೊಳಗೆ ಕೂರಿಸಿ, ಎರಡು ಅಚ್ಚುಗಳ ನಡುವೆ ಭಾರಿ ಒತ್ತಡದಲ್ಲಿ ಅದುಮುತ್ತಾರೆ. ಆ ಕ್ಷಣದಲ್ಲಿ ಘನವಾದ ಲೋಹವೂ ಹರಿಯುತ್ತದೆ! ಹೋಳಿಗೆ ತಟ್ಟುವಾಗ ಕಣಕವು ನಡುವಿನಿಂದ ಅಂಚಿನತ್ತ ಸರಿಯುವುದಿಲ್ಲವೆ? ಹಾಗೆಯೇ ಇದೂ. ಹೀಗೆ ಹರಿದ ಲೋಹವು ನಾಣ್ಯದ ಮೇಲೆ, ನಡುವಿನಿಂದ ಅಂಚಿನ ಕಡೆಗೆ, ಬರಿಗಣ್ಣಿಗೆ ಕಾಣದಷ್ಟು ನವಿರಾದ ಗೆರೆಗಳನ್ನು ಉಳಿಸುತ್ತದೆ.

ಆ ಗೆರೆಗಳು ಬೆಳಕನ್ನು ಒಂದೊಂದು ದಿಕ್ಕಿಗೆ ಹಿಂದಿರುಗಿಸುತ್ತವೆ. ಚಲಾವಣೆಗೆ ಬಾರದ ಹೊಸ ನಾಣ್ಯವನ್ನು ಒಂದೇ ದೀಪದ ಕೆಳಗೆ ಹಿಡಿದು ಮೆಲ್ಲನೆ ಓರೆ ಮಾಡಿರಿ. ಗಾಲಿಯ ಅರೆಗಳಂತೆ ಬೆಳಕಿನ ಪಟ್ಟಿಗಳು ಅದರ ಮುಖದ ಮೇಲೆ ತಿರುಗುವುದನ್ನು ಕಾಣುವಿರಿ. ಇಂಗ್ಲಿಷ್ ಬಲ್ಲ ಸಂಗ್ರಾಹಕರು ಇದನ್ನು ಬಂಡಿಗಾಲಿಯ ಹೊಳಪೆಂದೇ ಕರೆಯುತ್ತಾರೆ. ನಾಣ್ಯವು ಕೈಯಿಂದ ಕೈಗೆ ದಾಟಿದಂತೆಲ್ಲ ಗೆರೆಗಳು ಸವೆದು ಈ ಹೊಳಪು ಅಳಿಯುತ್ತದೆ.

‘ಪ್ರೂಫ್’ ಎಂಬ ನಾಣ್ಯದ ಕಾಂತಿಯೇ ಬೇರೆ. ಅಚ್ಚು ಸರಿಯಾಗಿದೆಯೇ ಎಂದು ಪರೀಕ್ಷಿಸಲು ತೆಗೆಯುತ್ತಿದ್ದ ಮಾದರಿಗೆ ಮೊದಲು ಈ ಹೆಸರಿದ್ದಿತು. ಈಗ ಸಂಗ್ರಾಹಕರಿಗಾಗಿಯೇ ಅದನ್ನು ತಯಾರಿಸುತ್ತಾರೆ. ಅಚ್ಚಿಗೂ ಬಿಲ್ಲೆಗೂ ಮೆರುಗು ಕೊಟ್ಟು, ಎರಡು ಅಥವಾ ಹೆಚ್ಚು ಸಲ ಅದುಮಿ, ಒಂದಕ್ಕೊಂದು ತಾಗದಂತೆ ಎತ್ತಿಡುತ್ತಾರೆ. ಇದರಿಂದ ನಾಣ್ಯದ ಬಯಲು ಕನ್ನಡಿಯಾಗುತ್ತದೆ. ಚಿತ್ರ ಮೂಡುವ ತಗ್ಗುಗಳನ್ನು ಮಾತ್ರ ಅಚ್ಚಿನಲ್ಲಿ ಒರಟಾಗಿಸುತ್ತಾರೆ. ಹಿಂದೆ ಇದಕ್ಕೆ ಆಮ್ಲವನ್ನೋ ಮರಳಿನಂಥ ಕಣಗಳನ್ನೋ ಬಳಸುತ್ತಿದ್ದರು. ಈಗ ಲೇಸರ್ ಬಂದಿದೆ. ಆದುದರಿಂದ ಚಿತ್ರವು ಹಿಮ ಕವಿದಂತೆ ಬೆಳ್ಳಗೆ ಕಾಣುತ್ತದೆ.

ಲೋಹ ಒಂದೇ, ಕಾಂತಿ ಮಾತ್ರ ಎರಡು. ಇದಕ್ಕೆ ಕಾರಣವೇನು? ಗೋಚರ ಬೆಳಕಿನ ತರಂಗದ ಉದ್ದ ಸುಮಾರು ಮಿಲಿಮೀಟರಿನ 2,000ದಲ್ಲೊಂದು ಪಾಲು. ಮೇಲ್ಮೈಯ ಏರಿಳಿತಗಳು ಇದಕ್ಕಿಂತ ತುಂಬ ಸಣ್ಣವಾದರೆ ಬೆಳಕು ಕಟ್ಟುನಿಟ್ಟಾಗಿ ಒಂದೇ ದಿಕ್ಕಿಗೆ ಪ್ರತಿಫಲಿಸುತ್ತದೆ. ದೊಡ್ಡವಾದರೆ ಎಲ್ಲ ದಿಕ್ಕಿಗೂ ಚೆದರುತ್ತದೆ. ಭೌತವಿಜ್ಞಾನದ ಈ ಒಂದು ನಿಯಮದಿಂದಲೇ ಜಗತ್ತಿನ ಟಂಕಸಾಲೆಗಳು ಬಗೆಬಗೆಯ ಮೆರುಗನ್ನು ಸೃಷ್ಟಿಸಿವೆ. 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಬ್ರಿಟನ್ ಹೊರಡಿಸಿದ ಪ್ರೂಫ್ ನಾಣ್ಯಗಳಿಗೆ ಕನ್ನಡಿಯೇ ಇಲ್ಲ, ಮೈಯೆಲ್ಲ ಮಂದಕಾಂತಿ. 2006ರಲ್ಲಿ ಅಮೆರಿಕವು ತನ್ನ ಬೆಳ್ಳಿಯ ಹದ್ದಿನ ನಾಣ್ಯವೊಂದರಲ್ಲಿ ಕ್ರಮವನ್ನೇ ತಿರುಗಿಸಿ, ಚಿತ್ರವನ್ನು ಕನ್ನಡಿಯಾಗಿಯೂ ಬಯಲನ್ನು ಹಿಮವಾಗಿಯೂ ಮಾಡಿತು. ನಮ್ಮ ಗಣರಾಜ್ಯದ ಪ್ರೂಫ್ ನಾಣ್ಯಗಳು 1950ರಲ್ಲಿಯೇ ಮುಂಬಯಿಯಲ್ಲಿ ತಯಾರಾದವು.

ನಿಮ್ಮ ಜೇಬಿನ ನಾಣ್ಯವೂ ತನ್ನ ಹುಟ್ಟೂರನ್ನು ಹೇಳಬಲ್ಲದು. ಇಸವಿಯ ಕೆಳಗೆ ವಜ್ರದ ಆಕೃತಿಯಿದ್ದರೆ ಅದು ಮುಂಬಯಿಯದು, ನಕ್ಷತ್ರವಿದ್ದರೆ ಹೈದರಾಬಾದಿನದು, ಚುಕ್ಕೆಯಿದ್ದರೆ ನೋಯ್ಡಾದ್ದು, ಏನೂ ಇಲ್ಲದಿದ್ದರೆ ಕೋಲ್ಕತ್ತದ್ದು. ಸಂಗ್ರಹವನ್ನು ಇಲ್ಲಿಂದಲೇ ತೊಡಗಬಹುದು. ಒಂದೇ ಇಸವಿಯ ಹೊಸ ನಾಣ್ಯವೊಂದನ್ನೂ ಸವೆದ ನಾಣ್ಯವೊಂದನ್ನೂ ಭೂತಗನ್ನಡಿಯಲ್ಲಿ ಹೋಲಿಸಿ ನೋಡಿರಿ, ಮೊದಲ ಪಾಠವಾಯಿತು.

ಇನ್ನು ನಮ್ಮ ತಪ್ಪಿನ ಮಾತು. ಬೆಳ್ಳಿಯ ಮೇಲಿನ ಕಪ್ಪು ಹೊರಗಿನಿಂದ ಬಂದು ಕೂತ ಕೊಳೆಯಾಗಿರಲಿಲ್ಲ. ಗಾಳಿಯಲ್ಲಿರುವ ಗಂಧಕದ ಸಂಯುಕ್ತಗಳೊಡನೆ ನಾಣ್ಯದ ಬೆಳ್ಳಿಯೇ ಕೂಡಿ ಆದ ಬೆಳ್ಳಿಯ ಸಲ್ಫೈಡಿನ ತೆಳುಪದರವದು. ವಿಭೂತಿಯ ಕಣಗಳು ಆ ಪದರದೊಂದಿಗೆ ಹರಿವಿನ ಗೆರೆಗಳನ್ನೂ ಉಜ್ಜಿ ತೆಗೆದವು. ತಾಮ್ರದ ನಾಣ್ಯವನ್ನು ಹುಣಿಸೆಹಣ್ಣಿನಿಂದ ತೊಳೆದರೂ ಇದೇ ಗತಿ. ಹುಣಿಸೆಯ ಆಮ್ಲವು ಕಪ್ಪನ್ನು ಕರಗಿಸಿ, ಮೇಲ್ಮೈಯ ಸಹಜ ಕಾಂತಿಯನ್ನೂ ಕಳೆಯುತ್ತದೆ. ಪಾತ್ರೆಗೆ ಹಿತವಾದುದು ನಾಣ್ಯಕ್ಕೆ ಹಿತವಲ್ಲ.

ಆದುದರಿಂದ ನಾಣ್ಯವನ್ನು ಎಂದಿಗೂ ತಿಕ್ಕಬೇಡಿರಿ. ಮುಖವನ್ನು ಮುಟ್ಟದೆ ಅಂಚುಗಳಲ್ಲಿ ಹಿಡಿಯಿರಿ. ಬೆರಳ ಬೆವರೂ ಗುರುತು ಬಿಡುತ್ತದೆ. ತೇವವಿಲ್ಲದ ಕಡೆ ಇಡಿರಿ. ಪಿ.ವಿ.ಸಿ. ಚೀಲಗಳನ್ನು ದೂರವಿಡಿರಿ, ಕಾಲಾಂತರದಲ್ಲಿ ಅವು ನಾಣ್ಯದ ಮೇಲೆ ಹಸಿರು ಜಿಡ್ಡನ್ನು ಉಂಟುಮಾಡುತ್ತವೆ.

ಆ ಬೆಳ್ಳಿಯ ನಾಣ್ಯ ಈಗಲೂ ನಮ್ಮಲ್ಲಿದೆ. ಅದರ ತೂಕವನ್ನು ತಕ್ಕಡಿ ಹೇಳುತ್ತದೆ. ಮುಖಬೆಲೆಯನ್ನು ಅಂಕಿಗಳು ಹೇಳುತ್ತವೆ. ದೀಪದ ಕೆಳಗೆ ಎಷ್ಟು ಓರೆ ಮಾಡಿದರೂ ಗಾಲಿ ಮಾತ್ರ ತಿರುಗುವುದಿಲ್ಲ.